ಟಗರಿಗೆ ತಿನ್ನಿಸಿದ ಪುಡಿ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದೆ — ಹಂದಿಮರಿಗಳ ಹೊಟ್ಟೆಗೆ ಹೋಗಬೇಕಾದ ಪುಡಿಯನ್ನು ಕದ್ದು ನನ್ನ ಟಗರಿಗೆ ತಿನ್ನಿಸಿದೆ. ಅದರ ಹೊರೆಯನ್ನು ಇನ್ನೊಬ್ಬಳು ಹೊತ್ತಳು.

ಕಮತಗಿ ಹತ್ತಿರದ ಹಂದಿ ಫಾರ್ಮಿನಲ್ಲಿ ಮೇವು ಕಲಸುವ ಕೆಲಸ ನನ್ನದು. ಹಾಲು ಬಿಡಿಸಿದ ಮರಿಗಳಿಗೆ ತಾಯಿಹಾಲಿನ ಕಾವಲು ಇರುವುದಿಲ್ಲ. ಭೇದಿ ಹತ್ತಿದರೆ ತಡೆಯಲಾರವು. ಅದಕ್ಕೇ ಡಾಕ್ಟರು ಅಮೈನೊ ಆಮ್ಲದ ಬಿಳಿ ಪುಡಿ ಬರೆದುಕೊಟ್ಟಿದ್ದರು — ಮೈಗೆ ಕಸುವು, ರೋಗ ತಡೆಯುವ ಶಕ್ತಿ ಎರಡೂ ಬರಲಿ ಎಂದು.

ಮನೆಯಲ್ಲಿ ನನ್ನ ಟಗರು ಕಾಳಗಕ್ಕೆ ತಯಾರಾಗುತ್ತಿತ್ತು. ನಮ್ಮ ದೇವರು ಬೀರಪ್ಪನ ಹೆಸರಿನಲ್ಲಿ ಸಾಕಿದ್ದೆ. ಟಗರಿಗೆ ಏನು ತಿನ್ನಿಸುತ್ತೇವೆಂದು ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನನಗೂ ಅಂಥದೊಂದು ಗುಟ್ಟು ಬೇಕಿತ್ತು. ಬುತ್ತಿ ಡಬ್ಬಿಯಲ್ಲಿ ಪುಡಿ ತುಂಬಿಕೊಂಡು ಹೋದೆ. ಫಾರ್ಮಿನ ಡಬ್ಬಿಗೆ ಜೋಳದ ಹಿಟ್ಟು ಸುರಿದಿಟ್ಟೆ.

ಮರಿಗಳು ಒಂದೊಂದಾಗಿ ಮೂಲೆ ಹಿಡಿದವು. ಬಾಲ ಒದ್ದೆ, ಕಣ್ಣು ಗುಳಿ. ಕಂಡೂ ನಾನು ಪುಡಿ ವಾಪಸು ತರಲಿಲ್ಲ. ಕಾಳಗ ಹತ್ತಿರ ಬಂದಿತ್ತು —

ಸತ್ತ ಮರಿಗಳ ಮುಂದೆ ನಿಂತು ಮಾಲೀಕರು ಕೇಳಿದರು: “ಪುಡಿ ಕಲಸೀಯೋ ಇಲ್ಲೋ?”

“ದಿನಾ ಕಲಸೇನ್ರಿ, ಸಾವ್ಕಾರ್ರ.”

ಅವರು ದೊಡ್ಡಿ ತೊಳೆಯುವವಳತ್ತ ತಿರುಗಿದರು. “ಹಂಗಾರ ಇದು ನಿನ್ನ ಹೊಲಸಿಂದನ ಆಗೇತಿ. ತೊಳಿಯೂದ ಬಿಟ್ಟು ಎಲಿ ಅಡಿಕಿ ಮೆಲ್ಲಕೋತ ಕುಂತಿದ್ದೇನ?”

“ಸುಣ್ಣದ ನೀರ್ಲೆ ತಿಕ್ಕಿ ತೊಳದೇನ್ರೀ ಯಪ್ಪಾ. ಬೇಕಾದ್ರ ಅಣ್ಣಾರ್ನ ಕೇಳ್ರಿ, ದಿನಾ ನೋಡ್ಯಾರ.”

ಹೌದು, ದಿನಾ ನೋಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು — ಹೆದರಿ ಅಲ್ಲ, ನಂಬಿ.

“ನಾ ನೋಡಿಲ್ರಿ” ಎಂದೆ.

ನಿಂತ ಕಾಲ ಮೇಲೆ ಅವಳನ್ನು ಕೆಲಸದಿಂದ ಕಳಿಸಿದರು. ಸುತ್ತಲಿನ ಯಾವ ಫಾರ್ಮಿನವರೂ ಆಮೇಲೆ ಅವಳನ್ನು ಕರೆಯಲಿಲ್ಲ. “ಬಂದ್ಲು ನೋಡ್ರಲೇ, ಮರಿ ಕೊಂದಾಕಿ” ಎಂದು ಸಂತೆಯಲ್ಲಿ ಗಂಡಸರು ನಗುತ್ತಿದ್ದರು. ಅವರ ನಡುವೆ ನಿಂತು ನಾನೂ ನಕ್ಕಿದ್ದೇನೆ — ಎಲ್ಲಕ್ಕಿಂತ ಹೆಚ್ಚು ಸುಡುವುದು ಅದು.

ಟಗರು ಸೋತಿತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಆ ಪುಡಿ ಬಹುಪಾಲು ಹಾಳಾಗುತ್ತದೆಂದು ಆಮೇಲೆ ಡಾಕ್ಟರ ಬಾಯಿಂದ ಕೇಳಿದೆ. ಪುಡಿ ಹಾಕಿದ್ದರೆ ಮರಿಗಳು ಬದುಕುತ್ತಿದ್ದವೇ? ಗೊತ್ತಿಲ್ಲ. ದೊಡ್ಡಿ ಸ್ವಚ್ಛವಾಗಿತ್ತು — ಅದು ಮಾತ್ರ ಗೊತ್ತಿತ್ತು. ಹೇಳಬಲ್ಲವನು ನಾನೊಬ್ಬನೇ ಇದ್ದೆ.

ಈಗಲೂ ಅವಳ ಓಣಿ ಬಂದರೆ ಸುತ್ತು ಹಾಕಿ ಹೋಗುತ್ತೇನೆ. “ತಪ್ಪಾತವ್ವಾ” ಎನ್ನುವ ಒಂದು ಮಾತು ಇಂದಿಗೂ ಅವಳೆದುರು ನನ್ನ ಬಾಯಿಂದ ಬಂದಿಲ್ಲ. ಇಷ್ಟು ಹೊತ್ತು ಬರೆದರೂ ಅವಳ ಹೆಸರು ಬರೆಯದೇ ಜಾರಿಕೊಂಡೆ —

ನೀಲವ್ವ.