ಸೋರುವ ಸೂರಿಗೊಂದು ಬಿನ್ನವತ್ತಳೆ

ನಮ್ಮ ಕನ್ನಡ ಮೇಷ್ಟ್ರು ಒಂದು ಮಾತನ್ನೂ ಒಡವೆ ತೊಡಿಸದೆ ಹೊರಗೆ ಕಳಿಸಿದವರಲ್ಲ. ಹಸಿವಾದರೆ 'ಜಠರಾಗ್ನಿ ಧಗಧಗಿಸುತ್ತಿದೆ' ಅನ್ನುವರು. ಮೊಸರು ಮಲ್ಲಿಗೆಯಂತೆ ಬೆಳ್ಳಗಿದೆ ಅಂದರೆ ಉಪಮೆ, ಮೊಸರೇ ಮಲ್ಲಿಗೆ ಅಂದುಬಿಟ್ಟರೆ ರೂಪಕ, ಒಂದು ಕುಡಿಕೆ ಮೊಸರಲ್ಲಿ ಊರೇ ಮುಳುಗಿತು ಅಂದರೆ ಅತಿಶಯೋಕ್ತಿ. ಕಲಿಸಿದ್ದು ಚೆನ್ನಾಗಿಯೇ, ಸುಳ್ಳು ಯಾಕೆ ಹೇಳಲಿ.

ಕಷ್ಟವೆಲ್ಲ ಶಾಲೆಯ ಸೂರಿನದು. ಹೆಂಚು ಒಡೆದು, ತೊಲೆ ಗೆದ್ದಲು ಹಿಡಿದಿತ್ತು. ಮಳೆಗಾಲದೊಳಗೆ ರಿಪೇರಿಯಾಗದಿದ್ದರೆ ಶಾಲೆ ಮುಚ್ಚೋದೇ. ಆಗ ಹುಡುಗರು ದೂರದ ಮಧುರೆ ಹಳ್ಳಿಯ ಶಾಲೆಗೆ ನಡೆದು ಹೋಗಬಹುದು. 'ಹೆಣ್ಣುಡುಗಿ ಅಷ್ಟು ದೂರ ಹೋಗೋದು ಬ್ಯಾಡ, ಮನೇಲಿರ್ಲಿ' ಅಂತ ನಮ್ಮಪ್ಪ ಆಗಲೇ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ದೊಡ್ಡಬಳ್ಳಾಪುರದಿಂದ ಅಮಲ್ದಾರರು ಬರುವ ಸುದ್ದಿ ಬಂತು. ಅಧಿಕಾರಿ ಬಂದರೆ ಹೊಗಳಿ ಬಿನ್ನವತ್ತಳೆ ಓದಿ, ಕೊನೆಯಲ್ಲಿ ಊರಿನ ಬೇಡಿಕೆ ಸೇರಿಸುವುದು ಆಗಿನ ವಾಡಿಕೆ. ಬರೆಯುವವರು ಯಾರು? ಇನ್ಯಾರು, ನಮ್ಮ ಮೇಷ್ಟ್ರೇ!

ಊರವರೂ ಏನು ಕಮ್ಮಿಯಿರಲಿಲ್ಲ. ಸೂರಿನ ತೂತು ದೊಡ್ಡವರ ಕಣ್ಣಿಗೆ ಬಿದ್ದರೆ ಊರಿನ ಮಾನ ಏನಾಗಬೇಕು ಅಂತ ಸೂರಿಗೆಲ್ಲ ತೆಂಗಿನ ಗರಿ ಹೊದಿಸಿ, ಒಳಗೆ ಮಾವಿನ ತೋರಣ ಬಿಗಿದರು. ಯಾವ ತೂತು ತೋರಿಸಬೇಕಿತ್ತೋ ಅದನ್ನೇ ಮುಚ್ಚಿದ ಮಹಾ ಬುದ್ಧಿವಂತರು!

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು: 'ಗಗನವೇ ಛಾವಣಿಯಾದ, ವರುಣದೇವನೇ ಅಭಿಷೇಕ ಮಾಡುವ ಈ ಶಾರದಾ ಮಂದಿರದ ಮೇಲೆ ತಮ್ಮ ಕೃಪಾದೃಷ್ಟಿ ಸದಾ ಇರಲಿ!' ಅದೇ ಬೇಡಿಕೆಯಂತೆ. ಅಮಲ್ದಾರರು ಕತ್ತೆತ್ತಿ ತೋರಣ ನೋಡಿದರು, ತಲೆದೂಗಿದರು. 'ಭೇಷ್! ಇಷ್ಟು ಅಚ್ಚುಕಟ್ಟಾದ ಶಾಲೆ ಈ ತಾಲ್ಲೂಕಿನಲ್ಲೇ ಕಂಡಿಲ್ಲ' ಅಂದು, ಹಾರ ಹಾಕಿಸಿಕೊಂಡು, ಎಳನೀರು ಕುಡಿದು ಹೊರಟೇಬಿಟ್ಟರು. ನಮ್ಮ ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಆಷಾಢದ ಮಳೆಗೆ ತೊಲೆ ಮುರಿದು ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಹುಡುಗರು ಮಧುರೆಗೆ ಹೋದರು, ನಾನು ದನದ ಕೊಟ್ಟಿಗೆಗೆ ಹೋದೆ. ಮೇಷ್ಟ್ರಿಗೂ ಮಧುರೆಗೇ ವರ್ಗವಾಯಿತು.

ಹೊರಡುವ ದಿನ ನಮ್ಮ ಬಾಗಿಲಿಗೆ ಬಂದರು. 'ನೀನಿಲ್ಲದ ತರಗತಿ ಚಂದ್ರನಿಲ್ಲದ ಇರುಳಮ್ಮ' ಅಂದು ಕಣ್ಣೊರೆಸಿಕೊಂಡರು. ಅಳು ನಿಜವೇ, ಆದರೆ ನನಗೆ ಮೈಯೆಲ್ಲ ಉರಿದುಹೋಯಿತು.

'ಸೂರು ಸೋರ್ತದೆ ಸ್ವಾಮಿ ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತಲ್ಲ ಮೇಷ್ಟ್ರೇ?'

ಅವರು ಗಾಬರಿಯಾಗಿ ನನ್ನನ್ನೇ ನೋಡಿದರು. 'ಅಯ್ಯೋ, ಅದರಲ್ಲಿ ಕಾವ್ಯ ಎಲ್ಲಿದೆ ತಾಯಿ?'

ನಾನು ಸಗಣಿ ಬುಟ್ಟಿ ಎತ್ತಿಕೊಂಡು ತಿಪ್ಪೆ ಕಡೆ ಹೋದೆ.