ಇಪ್ಪತ್ತೊಂಬತ್ತು ಇಂಚು

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕುಳ್ಳಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ. ನಾಲ್ಕಡಿ ಏಳಿಂಚಿನ ಹೆಂಗಸನ್ನು ಇನ್ನೇನೆಂದು ಕರೆಯಬೇಕು ಎಂದು ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ. ರೆಡಿಮೇಡ್ ಬಟ್ಟೆ ಕೊಂಡು, ಮನೆಗೆ ಹೋಗಿ ಹಾಕಿ ನೋಡಿ, ಆಮೇಲೆ ಬಾಯಿ ಬಾಯಿ ಬಿಡುವವರಿಗಾಗಿಯೇ ಇದ್ದ ಅಂಗಡಿ ಅದು. ಉದ್ದದ ಪ್ಯಾಂಟನ್ನು ಮೋಟು ಮಾಡುವುದು, ಬಿಗಿಯಾದ ಸೊಂಟವನ್ನು ಬಿಚ್ಚಿ ಸಡಿಲಿಸುವುದು, ಜೋಲುವ ಭುಜವನ್ನು ಎತ್ತಿ ಹೊಲಿಯುವುದು. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಇಷ್ಟೇ. ಅಂಗಡಿಗೆ ಒಂದೇ ಕಾಯಿದೆ: ನಿಂತು ಅಳತೆ ಕೊಟ್ಟವರದ್ದೇ ಬಟ್ಟೆ. "ನಮ್ಮ ಅಣ್ಣನೂ ಹೆಚ್ಚುಕಮ್ಮಿ ನನ್ನ ಹಾಗೇ ಇದ್ದಾನೆ, ನನ್ನ ಅಳತೇನೇ ತಗೊಳ್ಳಿ" ಎನ್ನುವ ಮಹಾನುಭಾವರು ವಾರಕ್ಕೆ ಇಬ್ಬರಾದರೂ ಬರುತ್ತಿದ್ದರು. ಅವರಿಗೆ ಅವಳು, "ಹಾಗಾದ್ರೆ ನೀವೇ ಹಾಕ್ಕೊಳ್ಳಿ" ಎಂದು ಟೇಪನ್ನು ಕತ್ತಿಗೆ ಹಾಕಿಕೊಂಡು ಮಿಷನ್ನಿನ ಕಡೆ ತಿರುಗಿಬಿಡುತ್ತಿದ್ದಳು.

ಮನೆಯಲ್ಲಿ ಮಾತ್ರ ಈ ಕಾಯಿದೆ ನಡೆಯುತ್ತಿರಲಿಲ್ಲ. ಮದುವೆಯಾದ ಮೇಲೆ ನಾಲ್ಕು ಬಾಡಿಗೆ ಮನೆ ಬದಲಾಯಿಸಿದರು. ನಾಲ್ಕರಲ್ಲೂ ಅಡುಗೆಮನೆಯ ಕಟ್ಟೆ ಮೂವತ್ತನಾಲ್ಕು ಇಂಚು. ಈ ಮನೆ ಕಟ್ಟಿಸುವವರು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಿಸುತ್ತಾರೋ, ಅಡುಗೆ ಮಾಡುವವರನ್ನಂತೂ ಅಲ್ಲ. ಅವಳಿಗೆ ಬೇಕಾದದ್ದು ಇಪ್ಪತ್ತೊಂಬತ್ತು. ಉಳಿದ ಐದಿಂಚಿಗೆ ಒಂದು ಮರದ ಮಣೆ ಮಾಡಿಸಿಕೊಂಡಿದ್ದಳು. ಮನೆಯಿಂದ ಮನೆಗೆ ಪಾತ್ರೆ ಪಗಡದ ಜೊತೆ ಅದೂ ಹೋಗುತ್ತಿತ್ತು. ಹತ್ತಿ ನಿಂತು ಹೆಚ್ಚಬೇಕು, ಇಳಿದು ಉಪ್ಪು ತರಬೇಕು, ಮತ್ತೆ ಹತ್ತಿ ಕಲಕಬೇಕು. ಒಂದು ಸಲ ಮಣೆಯ ಮೇಲಿದ್ದೇನೆ ಎಂಬುದನ್ನೇ ಮರೆತು, ಕುದಿಯುವ ನೀರಿನ ಪಾತ್ರೆ ಹಿಡಿದು ಹಿಂದಕ್ಕೆ ಕಾಲಿಟ್ಟಳು. ಎಡಗಾಲಿನ ಮೇಲೆ ಆ ಕಲೆ ಇನ್ನೂ ಇದೆ. ಗಂಡ ಓಡಿ ಬಂದು ಅಂದದ್ದು, "ನೋಡ್ಕೊಂಡು ಇಳೀಬಾರದಾ?"

ಗಂಡ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರು. ಅವಳು ಮನಸ್ಸಿನಲ್ಲೇ ಅವನನ್ನು ತಜ್ಞರು ಎಂದು ಕರೆಯುತ್ತಿದ್ದಳು. ಡಾಕ್ಟರಿಗೆ ಔಷಧಿ ಹೇಳಿಕೊಡುವ, ಡ್ರೈವರಿಗೆ ದಾರಿ ಹೇಳಿಕೊಡುವ ಪೈಕಿ. ಕೆಟ್ಟವನಲ್ಲ, ಪಾಪ. ಎದುರಿಗಿರುವವರು ಬಾಯಿ ತೆರೆಯುವ ಮೊದಲೇ ಅವನಿಗೆ ಉತ್ತರ ಗೊತ್ತಿರುತ್ತಿತ್ತು, ಅದೊಂದೇ ತೊಂದರೆ.

ಸ್ವಂತ ಮನೆ ಎಂದು ನೋಡಲು ಹೊರಟಾಗ ಅವರ ಕೈಗೆ ಎಟುಕಿದ್ದು ನಲವತ್ತು ವರ್ಷದ ಹಳೆಯದೊಂದು. ಗೋಡೆಗೆ ತೇವ, ಬಾಗಿಲು ಹಾಕಿದರೆ ತೆರೆಯದು, ತೆರೆದರೆ ಹಾಕಲಾಗದು, ಬಚ್ಚಲುಮನೆಯ ದೀಪದ ಸ್ವಿಚ್ಚು ಮಲಗುವ ಕೋಣೆಯಲ್ಲಿ. ತಜ್ಞರು ಒಂದೊಂದು ಕೋಣೆಗೂ ಹೋಗಿ ಮೂಗು ಮುರಿದುಕೊಂಡು ಬಂದರು. ಅವಳು ನೇರ ಅಡುಗೆಮನೆಗೆ ಹೋದಳು. ಕಡಪಾ ಕಲ್ಲಿನ ಹಳೆಯ ಕಟ್ಟೆ, ಅಂಚೆಲ್ಲ ಸವೆದಿತ್ತು. ಅದರ ಮೇಲೆ ಎರಡೂ ಕೈ ಇಟ್ಟಳು. ಹೆಗಲು ಮೇಲೇರಲಿಲ್ಲ, ಹಿಮ್ಮಡಿ ಎತ್ತಬೇಕಾಗಲಿಲ್ಲ. ಚೀಲದಿಂದ ಟೇಪು ತೆಗೆದು ಹಿಡಿದಳು. ಇಪ್ಪತ್ತೊಂಬತ್ತು. ಸುಳ್ಳಿರಬೇಕು ಎಂದು ಇನ್ನೊಂದು ಮೂಲೆಯಲ್ಲೂ ಹಿಡಿದಳು. ಅಲ್ಲೂ ಅಷ್ಟೇ.

ಮನೆ ಮಾರುತ್ತಿದ್ದ ಮುದುಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನಮ್ಮನೆಯವಳಿಗೆ ಅಂತ ಕಟ್ಟಿಸಿದ್ದು ಕಣಮ್ಮ. ಅವಳೂ ನಿನ್ನಷ್ಟೇ ಇದ್ದಳು" ಎಂದ.

"ಇದೇ ಮನೆ ಆಗಲಿ" ಎಂದು ಅವಳು ಬೀದಿಗೆ ಬಂದ ಕೂಡಲೇ ಗಂಡನಿಗೆ ಹೇಳಿದಳು. ತಳಪಾಯದ ಗಟ್ಟಿತನದ ಬಗ್ಗೆ ತಾನು ಮಾಡಿದ ಭಾಷಣ ಕೆಲಸ ಮಾಡಿತು ಎಂದು ಅವನು ಬೀಗಿದ. ಬೀಗಲಿ ಎಂದು ಅವಳು ಸುಮ್ಮನಿದ್ದಳು.

ಮನೆ ಕೈಗೆ ಬಂತು. ರಿಪೇರಿ ಶುರುವಾಗುವ ಹಿಂದಿನ ದಿನ ಅವಳು ಅವನ ಎದುರು ಕುಳಿತು ಹೇಳಿದಳು: "ನೀವು ಏನು ಬೇಕಾದ್ರೂ ಒಡೀರಿ, ಏನು ಬೇಕಾದ್ರೂ ಕಟ್ಟಿ. ನಾನು ಕೇಳಲ್ಲ. ಅಡುಗೆಮನೆ ಕಟ್ಟೆ ಒಂದು ಮುಟ್ಟಬೇಡಿ."

ಅವನು ಟೈಲ್ಸ್ ತುಂಡುಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತಿದ್ದ. "ಹ್ಞೂಂ, ಹ್ಞೂಂ" ಎಂದ. ಅವಳು ನಂಬಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಹ್ಞೂಂಕಾರವನ್ನು ನಂಬಿದ್ದು ಅವಳದೇ ತಪ್ಪು ಎನ್ನಬೇಕು.

ಶಾಲೆ ತೆರೆಯುವ ಸಮಯ. ಅಂಗಡಿಯಲ್ಲಿ ಯೂನಿಫಾರ್ಮುಗಳು ರಾಶಿ ಬಿದ್ದಿದ್ದವು, ಅವಳಿಗೆ ಉಸಿರಾಡಲು ಬಿಡುವಿರಲಿಲ್ಲ. ತಜ್ಞರು ಎರಡು ತಿಂಗಳ ರಜೆ ಹಾಕಿ, ಕೈ ಕಟ್ಟಿಕೊಂಡು ಹೊಸ ಮನೆಯ ನಡುವೆ ನಿಂತರು. ಕೆಲಸದವರು ಒಬ್ಬೊಬ್ಬರಾಗಿ ಬಂದರು. ಈ ಕೆಲಸದವರದ್ದೊಂದು ಪದ್ಧತಿ ಇದೆ. ಒಳಗೆ ಕಾಲಿಟ್ಟವರೇ ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ, ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡುತ್ತಾರೆ. ಆಮೇಲೆ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದು ಕೇಳುತ್ತಾರೆ. ಹಿಂದೆ ಮಾಡಿದವನನ್ನು ಬೈಯದೆ ಉಳಿ ಹಿಡಿದ ಬಡಗಿ, ಕರಣೆ ಹಿಡಿದ ಮೇಸ್ತ್ರಿ ಭೂಮಿಯ ಮೇಲೆ ಹುಟ್ಟಿಲ್ಲ. ಎಲೆಕ್ಟ್ರಿಷಿಯನ್ನು ಬೈದ, ಬಣ್ಣದವನು ಬೈದ. ಮೂರನೆಯ ದಿನಕ್ಕೆ ತಜ್ಞರಿಗೂ ಈ ರೋಗ ಅಂಟಿತು. ಕೆಲಸದವರು ಬರುವ ಮೊದಲೇ ಅವರೇ ಲೊಚ್ ಎನ್ನತೊಡಗಿದರು.

ನಾಲ್ಕನೆಯ ದಿನ ಮೇಸ್ತ್ರಿ ಅಡುಗೆಮನೆಗೆ ಬಂದ. "ಯಾರ್ ಸಾರ್ ಈ ಕಟ್ಟೆ ಕಟ್ಟಿದ್ದು? ಮಕ್ಕಳು ಆಟ ಆಡೋಕಾ?" ಎಂದು ನಕ್ಕ. ತಜ್ಞರಿಗೆ ನಾಚಿಕೆಯಾಯಿತು. "ಹಳೇ ಮುದುಕಪ್ಪನ ಕೆಲಸ ಮಾರಾಯ, ಒಡೆದು ಬಿಸಾಕು" ಎಂದುಬಿಟ್ಟರು.

ಸಂಜೆ ಅವಳು ಬರುವಷ್ಟರಲ್ಲಿ ಕಡಪಾ ಕಲ್ಲು ನಾಲ್ಕು ಚೂರಾಗಿ ಬಾಗಿಲ ಹೊರಗೆ ಬಿದ್ದಿತ್ತು.

"ಇದೇನಿದು?"

"ಮೇಸ್ತ್ರಿ ನಗಾಡಿದ ಕಣೆ. ಯಾವ ಕಾಲದ್ದೋ ಏನೋ, ಎತ್ತರಾನೇ ಇಲ್ಲ ಅದಕ್ಕೆ."

"ಮೇಸ್ತ್ರಿ ನಕ್ಕ ಅಂತ ಒಡೆಸಿದ್ರಾ? ನಾನು ಮುಟ್ಟಬೇಡಿ ಅಂದಿದ್ದು?"

"ಅಂದಿದ್ಯಾ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಅವಳನ್ನು ಕೆರಳಿಸಿದ್ದು ಆ ಆಶ್ಚರ್ಯವೇ. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಕೇಳಿಸಿಕೊಂಡೇ ಇರಲಿಲ್ಲ. ಕಲ್ಲಿನ ಚೂರುಗಳ ಪಕ್ಕ ನಿಂತು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನಿಗೆ ಗಾಬರಿಯಾಯಿತು. "ಅಳ್ತೀಯಲ್ಲೇ ಒಂದು ಕಲ್ಲಿಗೆ. ಹೊಸದು ಕಟ್ಟಿಸ್ತೀನಿ, ನಿನಗೆ ಎಷ್ಟು ಬೇಕೋ ಅಷ್ಟೇ ಎತ್ತರ" ಎಂದ.

ಅವಳು ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದು, ನೆಲದಿಂದ ಅಳೆದು, ಅಡುಗೆಮನೆಯ ಗೋಡೆಯ ಉದ್ದಕ್ಕೂ ಗೆರೆ ಎಳೆದಳು. ಪಕ್ಕದಲ್ಲಿ ಇಪ್ಪತ್ತೊಂಬತ್ತು ಎಂದು ದಪ್ಪಗೆ ಬರೆದಳು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಮೇಸ್ತ್ರಿಯನ್ನು ಅದರ ಮುಂದೆ ನಿಲ್ಲಿಸಿದಳು. "ಆಯ್ತಕ್ಕ, ಇದೇ ಗೆರೆ. ಒಂದು ನೂಲು ಆಚೀಚೆ ಆಗಲ್ಲ" ಎಂದು ಅವನು ಮಾತು ಕೊಟ್ಟ.

ಭಾನುವಾರ ಅವಳು ಹೋದಾಗ ಪ್ಲಂಬರು ಬಂದಿದ್ದ. ಬಚ್ಚಲುಮನೆಯ ಪೈಪು ನೋಡಿ ಅವನೂ ಲೊಚ್ ಎಂದ. "ಯಾವ ಗೂಬೆ ಸಾರ್ ಈ ಜಾಯಿಂಟ್ ಕೂರಿಸಿದ್ದು? ಕೈ ಕಡೀಬೇಕು ಅವನಿಗೆ." ಮನೆ ಮಾರಿದ ಮುದುಕ ಮಹಡಿ ಬಾಗಿಲಿನ ಕೀ ಕೊಡುವುದು ಮರೆತಿದ್ದೆನೆಂದು ಅದೇ ಹೊತ್ತಿಗೆ ಬಂದು ನಿಂತಿದ್ದ. ಕನ್ನಡಕ ಸರಿಮಾಡಿಕೊಂಡು, "ನೀನೇ ಅಲ್ವೇನಪ್ಪಾ? ಆರು ವರ್ಷದ ಹಿಂದೆ. ಆಗ ಮೀಸೆ ಇತ್ತು ನಿನಗೆ" ಎಂದ. ಪ್ಲಂಬರು ಪೈಪಿನೊಳಗೆ ಮುಖ ತೂರಿಸಿದ. ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ನಕ್ಕಳು.

ಮುದುಕ ಅಡುಗೆಮನೆಗೆ ಇಣುಕಿದ. ಬೋಳು ಗೋಡೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. "ಕಟ್ಟೆ ಯಾಕಪ್ಪ ಒಡೆದ್ರಿ? ಈ ಮನೇಲಿ ಸರಿಯಾಗಿದ್ದಿದ್ದು ಅದೊಂದೇ" ಎಂದು ತಜ್ಞರ ಕೈಗೆ ಕೀ ಕೊಟ್ಟು ಹೊರಟುಹೋದ.

ಆಮೇಲೆ ಹತ್ತು ದಿನ ಅವಳಿಗೆ ಅತ್ತ ತಲೆ ಹಾಕಲಾಗಲಿಲ್ಲ. ಹನ್ನೊಂದನೆಯ ದಿನ ಗಂಡ ಅಂಗಡಿಗೇ ಬಂದು, ಮುಖ ಅರಳಿಸಿಕೊಂಡು ಕರೆದುಕೊಂಡು ಹೋದ. ಗೋಡೆಗೆ ಹೊಸ ಪ್ಲಾಸ್ಟರಿಂಗ್ ಆಗಿತ್ತು, ಅದರ ಮೇಲೆ ಬಿಳಿ ಟೈಲ್ಸ್. ಕೆಳಗೆ ಕಪ್ಪು ಗ್ರಾನೈಟಿನ ಕಟ್ಟೆ, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅವಳು ಹತ್ತಿರ ಹೋದಳು. ಕಟ್ಟೆ ಅವಳ ಮೊಣಕೈಯನ್ನೂ ದಾಟಿತ್ತು. ಟೇಪು ಹಿಡಿದಳು. ಮೂವತ್ತಾರು. ಬಾಡಿಗೆ ಮನೆಗಳೇ ವಾಸಿ.

"ನನ್ನ ಗೆರೆ ಏನಾಯ್ತು?" ಎಂದು ಅಲ್ಲೇ ಟೈಲ್ಸ್ ಒರೆಸುತ್ತಿದ್ದ ಮೇಸ್ತ್ರಿಯನ್ನು ಕೇಳಿದಳು.

"ಪ್ಲಾಸ್ಟರ್ ಹೊಡೆದ ಮೇಲೆ ಗೆರೆ ಎಲ್ಲಿರುತ್ತಕ್ಕ, ಒಳಗೆ ಹೋಯ್ತು. ನಿಮಗೆ ಫೋನ್ ಮಾಡೋಣ ಅಂದೆ. ಬೇಡ, ನಾನೇ ನಿಲ್ತೀನಿ ಅಂದ್ರು ಸಾರು. ಯಜಮಾನರನ್ನ ನಿಲ್ಲಿಸಿ, ಮೊಣಕೈ ಮಡಿಸಿ, ಅರ್ಧ ಅಡಿ ಕೆಳಗೆ ಗುರುತು ಹಾಕೋದು ನಮ್ಮ ಕ್ರಮ. ನೀವೇ ನೋಡಿ, ಒಂದು ನೂಲು ಆಚೀಚೆ ಆಗಿಲ್ಲ."

ಆಗಿರಲಿಲ್ಲ, ನಿಜ. ಅವನ ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಒಂದು ಲೋಟ ನೀರು ಕಾಯಿಸಿ ಗೊತ್ತಿಲ್ಲದ ಮನುಷ್ಯನ ಮೈಗೆ ಅಡುಗೆಮನೆಯನ್ನು ಕರಾರುವಾಕ್ಕಾಗಿ ಹೊಲಿದಿದ್ದ. ಅವಳು ಗಂಡನ ಮುಖ ನೋಡಿದಳು. ಅವನು ತಲೆ ಕೆರೆದುಕೊಂಡ.

"ಅದಕ್ಯಾಕೆ ಅಷ್ಟು ಯೋಚನೆ ಮಾಡ್ತೀಯ? ಇನ್ನೊಂದು ಮಣೆ ಮಾಡಿಸಿದ್ರಾಯ್ತು. ಸ್ವಲ್ಪ ಎತ್ತರದ್ದು."

ಅವಳ ಎಡಗಾಲಿನ ಕಲೆ ಚುರ್ ಎಂದಿತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ, "ಸರಿ" ಎಂದಳು. ಅವನು ಇದನ್ನೂ ಒಪ್ಪಿಗೆ ಎಂದೇ ತಿಳಿದ.

ಹೊಸ ಮನೆಗೆ ಬಂದ ಮೊದಲ ಬೆಳಿಗ್ಗೆ ಅವಳು ಹಳೆಯ ಮಣೆಯನ್ನು ತಾನೇ ಹೊತ್ತು ತಂದು, ಅಡುಗೆಮನೆಯ ಕಿಟಕಿಯ ಕೆಳಗೆ ಹಾಕಿ, ಅದರ ಮೇಲೆ ಕಾಲು ಚಾಚಿ ಕೂತಳು. ಕೂರಲಿಕ್ಕೆಂದೇ ಇರುವ ವಸ್ತುವಿನ ಮೇಲೆ ಇಷ್ಟು ವರ್ಷದ ಸಂಸಾರದಲ್ಲಿ ಕೂತದ್ದು ಅದೇ ಮೊದಲು.

"ತಿಂಡಿ?" ಎಂದು ಗಂಡ ಬಾಗಿಲಿಗೆ ಬಂದ.

"ಈರುಳ್ಳಿ ಆ ಬುಟ್ಟೀಲಿದೆ. ಚಾಕು ಕಟ್ಟೆ ಮೇಲಿದೆ."

"ತಮಾಷೆ ಮಾಡಬೇಡ ಕಣೆ."

"ತಮಾಷೆ ಏನು ಬಂತು? ನಿಂತು ಅಳತೆ ಕೊಟ್ಟವರದ್ದೇ ಬಟ್ಟೆ, ನಮ್ಮ ಅಂಗಡೀಲಿ ಹಾಗೇ. ಕಟ್ಟೆ ನಿಮ್ಮ ಅಳತೆದು. ನನಗೆ ಎಟುಕಲ್ಲ."

ಅವನು ನಕ್ಕ, ಗೊಣಗಿದ, ಹೊರಗೆ ಹೋಗಿ ಬಂದ. ಅವಳು ಅಲ್ಲಾಡಲಿಲ್ಲ. ಹಸಿವು ಜೋರಾದಾಗ ಕಟ್ಟೆಯ ಮುಂದೆ ನಿಂತ. ನೆಟ್ಟಗೆ ನಿಂತಿದ್ದ, ಬೆನ್ನು ಬಾಗಲಿಲ್ಲ, ಹೆಗಲು ಏರಲಿಲ್ಲ. ಈರುಳ್ಳಿಯನ್ನು ಸಿಪ್ಪೆ ಸಮೇತ ನಾಲ್ಕು ಹೋಳು ಮಾಡಿದ. ಅವಳು ಎದ್ದು ಬಂದು ನೋಡಿದಳು, ಮೇಲೆ ನೋಡಿದಳು, ಕೆಳಗೆ ನೋಡಿದಳು, ಲೊಚ್ ಎಂದಳು.

"ಯಾರ್ ಸಾರ್ ಇದನ್ನ ಹೆಚ್ಚಿದ್ದು?"

ಅವನು ಬಾಯಿ ತೆರೆದ, ಮುಚ್ಚಿದ. ಉತ್ತರ ಗೊತ್ತಿಲ್ಲದ ಗಂಡನನ್ನು ಅವಳು ಕಂಡದ್ದು ಆವತ್ತೇ.

ಒಂಬತ್ತನೆಯ ದಿನ ಅವನು ಸೋತ. ಬೆರಳಿಗೆ ಎರಡು ಕಡೆ ಬಟ್ಟೆ ಸುತ್ತಿಕೊಂಡು, ಅವಳ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹೇಳಿದ: "ತಪ್ಪಾಯ್ತು. ನಾಳೆನೇ ಮೇಸ್ತ್ರೀನ ಕರೀತೀನಿ. ಒಡೆಸಿ, ನಿನ್ನ ಅಳತೆಗೇ ಕಟ್ಟಿಸ್ತೀನಿ. ಎಷ್ಟಂದೆ, ಮೂವತ್ತಾ?"

ಅವಳು ಈರುಳ್ಳಿ ಬುಟ್ಟಿಯನ್ನು ಅವನ ಕಡೆ ತಳ್ಳಿದಳು.

"ಬೇಡ ಬಿಡಿ" ಎಂದಳು. "ಈಗಷ್ಟೇ ನಿಮ್ಮ ಕೈ ಕೂರ್ತಾ ಇದೆ. ಸಣ್ಣಗೆ ಹೆಚ್ಚಿ, ಹೋಗಿ."