ಗೆರೆಯ ಕೆಳಗೆ ಬರೆಯದ ಗುಮಾಸ್ತ

ಮೂರು ಊರುಗಳ ಜಂಟಿ ರಸ್ತೆ ಸಮಿತಿಗೆ ಒಬ್ಬನೇ ಗುಮಾಸ್ತ. ಎದುರಿಗೆ ಎಲ್ಲರೂ ಅವನನ್ನು ‘ಸಾರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಗೆರೆ ಮಾಮ’ ಎನ್ನುತ್ತಿದ್ದರು. ಅಧ್ಯಕ್ಷರು ‘ಸಭೆ ಮುಗೀತು’ ಅಂದ ಕೂಡಲೇ ಅವನು ನಡಾವಳಿ ಪುಸ್ತಕದ ಮೇಲೆ ಮರದ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದ, ಪಕ್ಕದಲ್ಲಿ ಗಂಟೆ ನಿಮಿಷ ಬರೆಯುತ್ತಿದ್ದ, ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ. ಆಮೇಲೆ ಆ ಬ್ರಹ್ಮನೇ ಬಂದು ಹೇಳಿದರೂ ಗೆರೆಯ ಕೆಳಗೆ ಒಂದಕ್ಷರ ಬೀಳುತ್ತಿರಲಿಲ್ಲ.

ಇದು ಹುಟ್ಟುಗುಣವಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರದೋ ಬೆಣ್ಣೆ ಮಾತಿಗೆ ಕರಗಿ, ಸಭೆ ಮುಗಿದ ಮೇಲೆ ಎರಡು ಸಾಲು ಸೇರಿಸಿದ್ದ. ವಿಚಾರಣೆ ಬಂದಾಗ ಬರೆಸಿದವನು ‘ನಾನೆಲ್ಲಿ ಹೇಳಿದೆ?’ ಎಂದು ಕೈ ತೊಳೆದುಕೊಂಡ. ಬರೆದ ಕೈಗೆ ಆರು ತಿಂಗಳ ಅಮಾನತು. ಆ ಆರು ತಿಂಗಳು ಮನೆಯ ಒಲೆ ಉರಿದದ್ದು ತಂಗಿಯಿಂದ. ಆಗಷ್ಟೇ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದ್ದಳು. ಅಣ್ಣನ ತಟ್ಟೆಗೆ ಬಡಿಸುವಾಗ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅದನ್ನು ಅವನು ಮರೆತಿರಲಿಲ್ಲ.

ಈಗಲೂ ಆಕೆ ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಸಂಜೆ ಇಳಿಯುವ ಬಸ್ ಸ್ಟಾಪು ಮಾತ್ರ ತಿರುವಿನ ಬಾಯಲ್ಲೇ ಇತ್ತು. ಬಸ್ಸಿನ ಮುಂದಿನಿಂದ ರಸ್ತೆ ದಾಟುವವರಿಗೆ ಎದುರಿನ ಲಾರಿ ಕಾಣದು, ಲಾರಿಯವನಿಗೆ ಇವರು ಕಾಣರು. ಇನ್ನೂರು ಹೆಜ್ಜೆ ಆಚೆ ನೇರ ರಸ್ತೆ, ಸಮತಟ್ಟು ಜಾಗ. ಸ್ಟಾಪನ್ನು ಅಲ್ಲಿಗೆ ಸರಿಸಿದರೆ ಸಾಕು. ಆದರೆ ಸ್ಟಾಪಿನ ಕಂಬ ಚಿಕ್ಕ ಪುರಸಭೆಯದು, ತಿರುವು ಪಂಚಾಯಿತಿಯದು, ಆಚೆಯ ಜಾಗ ದೊಡ್ಡ ಪುರಸಭೆಯದು. ಮೂವರೂ ಒಪ್ಪಿ, ಒಪ್ಪಿದ್ದು ನಡಾವಳಿಗೆ ಏರಿ, ಗುಮಾಸ್ತ ಮೊಹರು ಒತ್ತಿ ಬಸ್ ಡಿಪೋಗೆ ಕಾಗದ ಕಳಿಸಬೇಕು.

“ಅಣ್ಣ, ನಮ್ಮ ಸ್ಟಾಪು ಯಾವಾಗ ನಡೆಯೋಕೆ ಕಲಿಯುತ್ತೆ?” ಎಂದು ತಂಗಿ ವಾರಕ್ಕೊಮ್ಮೆ ಕೇಳುತ್ತಿದ್ದಳು.

ಏಳು ಸಭೆಗಳಾದವು. ಸ್ಟಾಪು ಸರಿಯಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು, ಮುಂದೆಂದೋ ಕಟ್ಟುವ ತಂಗುದಾಣದ ಹಲಗೆಯ ಮೇಲೆ ಯಾವ ಊರಿನ ಹೆಸರು ಮೊದಲು ಎನ್ನುವುದಕ್ಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತಲ್ಲ, ಇಲ್ಲಿ ಕುಲಾವಿಯ ಬಣ್ಣಕ್ಕೇ ಜಗಳ. ಸಮಿತಿಯ ಅಧ್ಯಕ್ಷರು ದೊಡ್ಡ ಪುರಸಭೆಯ ಸಿಮೆಂಟ್ ವ್ಯಾಪಾರಿ. ಚಿಕ್ಕ ಪುರಸಭೆಯ ಕಡೆಯಿಂದ ನಿವೃತ್ತ ಟೀಚರಮ್ಮ, ಪಂಚಾಯಿತಿ ಕಡೆಯಿಂದ ಹಾಲಿನ ಡೇರಿಯವರು. ಏಳನೇ ಸಭೆಯಲ್ಲೂ ಮೇಜು ಕುಟ್ಟಿ, ‘ಮುಂದಿನ ಸಭೆಗೆ’ ಎಂದು ಬರೆಸಿ ಎದ್ದರು. ಗುಮಾಸ್ತ ಗೆರೆ ಎಳೆದ. ನಾಲ್ಕು ಗಂಟೆ ಹತ್ತು ನಿಮಿಷ.

ಚಹಾ ಬಂತು. ಕಿಟಕಿಯ ಹತ್ತಿರ ನಿಂತು ಕುಡಿಯುವಾಗ ಸಿಮೆಂಟ್ ವ್ಯಾಪಾರಿಗೆ ಮನಸ್ಸು ಹಗುರಾಯಿತು.

“ಸ್ಟಾಪ್ ಆಚೆ ಹೋಗ್ಲಿ ಬಿಡಿ. ಹಲಗೆ ವಿಷಯ ಆಮೇಲೆ ನೋಡೋಣ.”

“ನಾನೂ ಅದನ್ನೇ ಹೇಳ್ತಿದ್ದೆ,” ಎಂದರು ಟೀಚರಮ್ಮ. ಡೇರಿಯವರು ತಲೆಯಾಡಿಸಿ ಬಿಸ್ಕತ್ತು ತೆಗೆದುಕೊಂಡರು.

ಗುಮಾಸ್ತನ ಕೈಯಲ್ಲಿ ಲೋಟವಿತ್ತು, ಕಂಕುಳಲ್ಲಿ ಪುಸ್ತಕವಿತ್ತು. ಗೆರೆಯ ಕೆಳಗೆ ನಾಲ್ಕು ಬೆರಳು ಜಾಗವಿತ್ತು. ‘ಒಂದು ಸಾಲು ಬರೀಲಾ?’ ಎಂದು ಕೇಳಬಹುದಿತ್ತು. ಬಿಸಿ ಹಾಲು ಕುಡಿದ ಬೆಕ್ಕು ಅವನು. ಅದಕ್ಕಿಂತ ಹೆಚ್ಚಾಗಿ, ಆ ಸ್ಟಾಪಿನಲ್ಲಿ ಇಳಿಯುವವಳು ಸ್ವಂತ ತಂಗಿ. ನಾಳೆ ಯಾರಾದರೂ ‘ತಂಗಿಗೋಸ್ಕರ ಬರೆದ’ ಅಂದರೆ? ಅವನು ಲೋಟ ಇಟ್ಟು ಪುಸ್ತಕವನ್ನು ಬೀರುವಿಗೆ ಸೇರಿಸಿದ.

ಅಂದು ಸಂಜೆ ತಂಗಿಯ ಮನೆಗೆ ಹೋಗಿ, “ಒಪ್ಪಿದ್ದಾರೆ ಕಣೇ. ಮುಂದಿನ ಸಭೇಲಿ ಬರೆದುಬಿಡ್ತೀನಿ, ಎರಡೇ ತಿಂಗಳು,” ಎಂದ.

ಆಕೆ ಬಟ್ಟೆ ಮಡಚುತ್ತಿದ್ದಳು. “ಬಾಯಲ್ಲಿ ಒಪ್ಪಿದ್ದು ಬಸ್ಸಿಗೆ ಗೊತ್ತಾಗುತ್ತಾ ಅಣ್ಣ?” ಎಂದು ನಕ್ಕಳು.

ಹತ್ತೊಂಬತ್ತನೇ ದಿನ ಲಾರಿ ಬಂತು. ಡ್ರೈವರ್ ಬ್ರೇಕ್ ಒತ್ತಿದ ಗುರುತು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು, ಅವನನ್ನು ಬೈಯಲೂ ಯಾರಿಗೂ ಬಾಯಿ ಬರಲಿಲ್ಲ. ಆಸ್ಪತ್ರೆಯವರು ಆಕೆಯ ಚೀಲ ಕೊಟ್ಟರು: ಖಾಲಿ ಡಬ್ಬಿ, ಚಿಕ್ಕ ಕತ್ತರಿ, ಬಸ್ ಪಾಸು.

ಎಂಟನೇ ಸಭೆ. ಎಲ್ಲರೂ ಒಂದು ನಿಮಿಷ ಎದ್ದು ನಿಂತರು. ಕೂತ ಮೇಲೆ ಸಿಮೆಂಟ್ ವ್ಯಾಪಾರಿ ಹಳೆಯ ಪುಟ ತೆಗೆಸಿದರು.

“ಪತ್ರಿಕೆಯವರು ಕೇಳ್ತಿದಾರೆ, ಮೂರೂ ಊರಿನವರು ಏನ್ ಮಾಡ್ತಿದ್ರಿ ಅಂತ. ನಾವು ಹೋದ ಸಲ ಒಪ್ಪಿದ್ವಲ್ಲ? ಇಲ್ಲಿ ಜಾಗ ಇದೆ. ಒಂದು ಸಾಲು ಸೇರಿಸಿ.”

“ಡಿಪೋಗೆ ಕಾಗದ ಯಾಕೆ ಹೋಗ್ಲಿಲ್ಲ ಅಂತಾರೆ,” ಎಂದರು ಡೇರಿಯವರು.

“ಟಪಾಲಲ್ಲಿ ಕಳೀತು ಅಂದ್ರಾಯ್ತು. ಸಾರ್‌ಗೂ ತೊಂದರೆ ಇಲ್ಲ,” ಎಂದರು ಸಿಮೆಂಟ್ ವ್ಯಾಪಾರಿ.

ಗುಮಾಸ್ತನಿಗೆ ನಗು ಬಂದಂತಾಯಿತು. ಅಂದು ಬರೆದಿದ್ದರೆ ನಿಜವಾಗುತ್ತಿದ್ದ ಸಾಲು ಅದು. ಅವನು ಹೊಸ ಪುಟ ತಿರುವಿ, ಬರೆಯುತ್ತಲೇ ಗಟ್ಟಿಯಾಗಿ ಓದಿದ: “ಕಳೆದ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಮೂವರೂ ಒಪ್ಪಿದ್ದರು. ಗುಮಾಸ್ತ ಕೇಳಿಸಿಕೊಂಡೂ ಬರೆಯಲಿಲ್ಲ.” ಪುಸ್ತಕವನ್ನು ಸಹಿಗೆ ದೂಡಿದ.

ಮೂವರ ಜೇಬು, ಚೀಲಗಳಲ್ಲೂ ಪೆನ್ನಿತ್ತು. ಯಾರೂ ತೆಗೆಯಲಿಲ್ಲ. ಟೀಚರಮ್ಮ ಕನ್ನಡಕ ಒರೆಸಿಕೊಂಡು, “ಇದನ್ನ ಸ್ವಲ್ಪ ಯೋಚನೆ ಮಾಡಿ, ಮುಂದಿನ ಸಭೇಲಿ...” ಎಂದರು. ಸ್ಟಾಪಿನ ವಿಷಯವೂ ಅದರ ಜೊತೆಗೇ ಮುಂದಕ್ಕೆ ಹೋಯಿತು. ಅಧ್ಯಕ್ಷರು ಸಭೆ ಮುಗಿಸಿದರು. ಗುಮಾಸ್ತ ಗೆರೆ ಎಳೆದ. ಮೂರು ಗಂಟೆ ನಲವತ್ತು ನಿಮಿಷ.

ಪೆನ್ನಿಗೆ ಮುಚ್ಚಳ ಹಾಕಲಿಲ್ಲ. ತಂಗಿಯ ಮಗಳು ಸೋಮವಾರದಿಂದ ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂರುವವಳಿದ್ದಳು, ಅದೇ ಬಸ್ಸು, ಅದೇ ತಿರುವು. ಅವನು ತನ್ನ ಕೋಣೆಗೆ ಹೋಗಿ ಬಿಳಿ ಹಾಳೆಯ ಮೇಲೆ ಡಿಪೋಗೆ ನಾಲ್ಕು ಸಾಲು ಬರೆದ. ಯಾವ ಸಭೆ, ಯಾವ ನಿರ್ಣಯ ಎಂಬ ಜಾಗವನ್ನು ಖಾಲಿ ಬಿಟ್ಟ. ಡ್ರಾಯರಿನಿಂದ ಸಮಿತಿಯ ಮೊಹರು ತೆಗೆದು ಒತ್ತಿದ, ಸಹಿ ಹಾಕಿದ, ತಾನೇ ನಡೆದುಹೋಗಿ ಕೊಟ್ಟು ಬಂದ. ಅಲ್ಲಿದ್ದವನು ಮೊಹರು ನೋಡಿದ, ಕಾಗದವನ್ನು ಮೊಳೆಗೆ ಸಿಕ್ಕಿಸಿ, “ಸೋಮವಾರದಿಂದ ಡ್ರೈವರ್‌ಗಳಿಗೆ ಹೇಳ್ತೀವಿ,” ಎಂದ.

ಸೋಮವಾರ ಸಂಜೆ ಬಸ್ಸು ತಿರುವು ದಾಟಿ, ಇನ್ನೂರು ಹೆಜ್ಜೆ ಆಚೆ ನಿಂತಿತು. ಹುಡುಗಿ ಇಳಿದು, ಎರಡೂ ಕಡೆ ನೋಡಿ, ರಸ್ತೆ ದಾಟಿ ಬಂದಳು. ಅಷ್ಟರಲ್ಲಿ ಗುಮಾಸ್ತನ ಜೇಬಿನಲ್ಲಿ, ಅಧಿಕಾರವಿಲ್ಲದೆ ಮೊಹರು ಬಳಸಿದ್ದಕ್ಕೆ ಕಾರಣ ಕೇಳಿದ ನೋಟಿಸು ಇತ್ತು. ಅದಕ್ಕೆ ಮಾತ್ರ ಮೂವರೂ ಅರ್ಧ ದಿನದಲ್ಲಿ ಸಹಿ ಹಾಕಿದ್ದರು.

ಮಗಳಿಗಾಗಿ ಗುಮಾಸ್ತನ ಪಕ್ಕದಲ್ಲೇ ನಿಂತು ಕಾಯುತ್ತಿದ್ದ ತಂಗಿಯ ಗಂಡ ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದ.

“ಹೇಗಾಯ್ತು ಭಾವ, ಇದು?”

“ಒಂದು ಕಾಗದ ಬರೆದೆ.”

ಅವನು ಮಗಳ ಕೈಯಿಂದ ಚೀಲ ತೆಗೆದುಕೊಂಡ. ಆಮೇಲೆ, ಸಿಟ್ಟಿಲ್ಲದೆ, ಗೊತ್ತಾಗದ್ದನ್ನು ಕೇಳುವವರ ಹಾಗೆ ಕೇಳಿದ:

“ಇಷ್ಟೇನಾ?”